ಎಂಟು ಗಂಟೆಯ ಕೊಕ್ಕೆ

ಅಕ್ಕ ನನ್ನ ಮೇಲೆ ಕೊನೆಯವರೆಗೂ ಮುನಿಸು ಇಟ್ಟುಕೊಂಡಿದ್ದು ಒಂದೇ ವಿಷಯಕ್ಕೆ. ನಾನು ಬರೆದ ಒಂದು ರಿಪೋರ್ಟು. ಅದರಲ್ಲಿ ಇದ್ದದ್ದು ಒಂದೇ ಸಾಲು, ಆ ಸಾಲಿನಲ್ಲಿ ಸುಳ್ಳೇನೂ ಇರಲಿಲ್ಲ. ಅದನ್ನು ಬರೆದು ಅವರನ್ನು ಕಾಪಾಡಿದೆ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಅವರೋ, ಸಿಕ್ಕಾಗಲೆಲ್ಲ "ನೀವು ಬರ್ದಿದ್ದು ಅರ್ಧ" ಎಂದು ಚುಚ್ಚುತ್ತಿದ್ದರು. ಹೋದ ತಿಂಗಳು ತೀರ್ಥಹಳ್ಳಿಯಿಂದ ಅವರು ತೀರಿಕೊಂಡ ಸುದ್ದಿ ಬಂತು. ಎಂಬತ್ತು ದಾಟಿತ್ತು. ಮಲಗಿ ನರಳಲಿಲ್ಲ, ಬೆಳಗಿನ ಕಾಫಿ ಕುಡಿದು ಲೋಟ ತೊಳೆದಿಟ್ಟು ಹೋದರಂತೆ. ಇನ್ನು ಅವರಿಗೆ ಯಾರೂ ಚಾರ್ಜ್‌ಶೀಟ್ ಕೊಡಲಾರರು. ನಾನೂ ಪಿಂಚಣಿ ತಿನ್ನುವವನು. ಉಳಿದರ್ಧ ಬರೆಯಲು ಈಗ ಯಾವ ಅಡ್ಡಿಯೂ ಇಲ್ಲ.

ಅವರು ಹೊಸನಗರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರು. ಊರಿಗೆಲ್ಲ ಅಕ್ಕ. ಅವರಿಗಿಂತ ಇಪ್ಪತ್ತು ವರ್ಷ ದೊಡ್ಡವರಾದ ವಕೀಲರೂ ಅಕ್ಕ ಎನ್ನುತ್ತಿದ್ದರು, ಶಾಲೆಗೆ ಹೋಗುವ ಮಕ್ಕಳೂ ಅಕ್ಕ ಎನ್ನುತ್ತಿದ್ದರು. ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿದ್ದು ತಿಂಗಳಿಗೊಮ್ಮೆ, ಸಂಬಳದ ದಿನ ಮಾತ್ರ. ನಾನು ಸಾಗರದ ಆಫೀಸಿನ ಟೆಕ್ನಿಷಿಯನ್. ಹೊಸನಗರ, ತೀರ್ಥಹಳ್ಳಿ ಎರಡಕ್ಕೂ ರಿಪೇರಿಗೆ ಹೋಗುವ ಕೆಲಸ ನನ್ನ ಪಾಲಿಗಿತ್ತು. ಮೊದಲ ಸಲ ಹೋದಾಗ ಅವರು ನನ್ನನ್ನು ಕೂರಿ ಎನ್ನಲಿಲ್ಲ. ನೀವು ಸಾಗರದವರಾ ಎಂದು ಕೇಳಿ, ಹೌದು ಎಂದದ್ದಕ್ಕೆ, ಹಾಗಾದರೆ ನಿಮ್ಮ ಸಾಗರದ ಲೈನು ವರ್ಷವಿಡೀ ಗೊರಗೊರ ಅನ್ನುವುದು ಯಾಕೆ ಎಂದು ವಿಚಾರಣೆ ಶುರುಮಾಡಿದರು. ಕಾಫಿ ಸಿಕ್ಕಿದ್ದು ಆ ಗೊರಗೊರ ನಿಂತ ಮೇಲೆ.

ಇವತ್ತಿನವರಿಗೆ ಆ ಕಾಲದ ಫೋನು ಹೇಗಿತ್ತೆಂದು ಒಂದು ಮಾತು ಹೇಳಬೇಕು. ಅದಕ್ಕೆ ನಂಬರು ತಿರುಗಿಸುವ ಡಯಲ್ ಇರಲಿಲ್ಲ, ಪಕ್ಕದಲ್ಲೊಂದು ಹ್ಯಾಂಡಲ್ ಇತ್ತು. ಹ್ಯಾಂಡಲ್ ತಿರುಗಿಸಿದರೆ ಎಕ್ಸ್‌ಚೇಂಜಿನ ಬೋರ್ಡಿನಲ್ಲಿ ಆ ಮನೆಯ ನಂಬರಿನ ಬಿಲ್ಲೆ ಬೀಳುತ್ತಿತ್ತು. ಅಕ್ಕ ತುದಿಯಲ್ಲಿ ಪಿನ್ನಿರುವ ಒಂದು ತಂತಿಯ ಎಳೆಯನ್ನು ಅಲ್ಲಿಗೆ ಚುಚ್ಚಿ ಯಾರು ಬೇಕು ಎಂದು ಕೇಳಿ, ಇನ್ನೊಂದು ಎಳೆಯನ್ನು ಅವರ ನಂಬರಿಗೆ ಚುಚ್ಚಬೇಕು. ಊರಿನ ತೊಂಬತ್ತು ಫೋನುಗಳ ಮಾತೆಲ್ಲ ಅವರ ಕೈಬೆರಳ ಸಂದಿಯಿಂದಲೇ ಹೋಗಬೇಕಿತ್ತು.

ಎಲ್ಲ ಕಡೆಯ ಆಪರೇಟರುಗಳೂ "ನಂಬರ್ ಪ್ಲೀಸ್" ಎನ್ನುತ್ತಿದ್ದರೆ ಅಕ್ಕ ಎನ್ನುತ್ತಿದ್ದುದು "ಹೇಳಿ" ಎಂದು. ದಪ್ಪ ದನಿ, ಕೇಳಿದವರಿಗೆ ತಾವೇನೋ ತಪ್ಪು ಮಾಡಿ ಸಿಕ್ಕಿಬಿದ್ದಂತೆ ಆಗುತ್ತಿತ್ತು. ಯಾರಾದರೂ ಮೂವತ್ತನಾಲ್ಕು ಕೊಡಿ ಎಂದರೆ, ಅವರು ಸಾಗರಕ್ಕೆ ಹೋಗಿದ್ದಾರೆ, ನಾಲ್ಕೂವರೆ ಬಸ್ಸಿಗೆ ಬರುತ್ತಾರೆ, ಐದು ಗಂಟೆಗೆ ಮಾಡಿ ಎಂದು ಅಲ್ಲಿಗೇ ಮುಗಿಸಿಬಿಡುತ್ತಿದ್ದರು. ಹೀಗೆ ಬಾರಿಸದೇ ಉಳಿದ ಗಂಟೆಗಳೇ ಎಷ್ಟೋ. ಅವರು ಕದ್ದು ಕೇಳುತ್ತಾರೆ ಎಂದು ಕೆಲವರು ದೂರುತ್ತಿದ್ದುದು ನಿಜ. ಅವರನ್ನೇ ಕೇಳಿದ್ದಕ್ಕೆ, ಕದಿಯುವುದು ಎಂತದು, ಲೈನನ್ನು ಕಿವಿಗೇ ಕಟ್ಟಿಕೊಂಡು ಕೂತಿದ್ದೇನಲ್ಲ ಎಂದರು.

ಒಮ್ಮೆ ಇಬ್ಬರು ಅಣ್ಣತಮ್ಮಂದಿರು ಫೋನಿನಲ್ಲಿ ಹಿಗ್ಗಾಮುಗ್ಗಾ ಬೈದಾಡುತ್ತಿದ್ದಾಗ ಅಕ್ಕ ಎಳೆ ಕಿತ್ತುಹಾಕಿದರು. ಇಬ್ಬರೂ ಹ್ಯಾಂಡಲ್ ತಿರುಗಿಸಿ ತಿರುಗಿಸಿ ಸೋತರು. ಅರ್ಧ ಗಂಟೆ ಬಿಟ್ಟು ಅಕ್ಕ ಇಬ್ಬರಿಗೂ ತಾವೇ ಗಂಟೆ ಬಾರಿಸಿ, "ಈಗ ಮಾತಾಡಿ" ಎಂದು ಜೋಡಿಸಿದರಂತೆ. ಹೆಗ್ಗೋಡಿಗೆ ನಾಟಕ ನೋಡಲು ಹೋಗಿ, ರಾಜನ ಪಾತ್ರದವನು ಗುಟ್ಟಾಗಿ ಏನೋ ಹೇಳುವ ಜಾಗದಲ್ಲಿ ಮೂರನೆಯ ಸಾಲಿನಿಂದ "ಕೇಳ್ತಾ ಇಲ್ಲ, ಜೋರಾಗಿ ಹೇಳಿ" ಎಂದು ಕೂಗಿದ ಕಥೆಯನ್ನು ಅವರು ಅಲ್ಲಗಳೆಯುತ್ತಿದ್ದರು. ಜೊತೆಗೆ ಹೋದವರು ನನ್ನ ಹತ್ತಿರ ಆಣೆ ಹಾಕಿ ಹೇಳಿದ್ದಾರೆ.

ಎಕ್ಸ್‌ಚೇಂಜು ಬೆಳಗ್ಗೆ ಎಂಟಕ್ಕೆ ತೆರೆದು ರಾತ್ರಿ ಎಂಟಕ್ಕೆ ಮುಚ್ಚುತ್ತಿತ್ತು. ಅದು ಸಣ್ಣ ಊರುಗಳ ನಿಯಮ, ಅಷ್ಟೇ ಸಿಬ್ಬಂದಿ. ಗಡಿಯಾರದಲ್ಲಿ ಎಂಟಾದೊಡನೆ ಅಕ್ಕ ಲೈನಿನಲ್ಲಿದ್ದವರಿಗೆ "ಎಂಟಾಯ್ತು" ಎಂದು ಎಚ್ಚರಿಸಿ, ಎಳೆಗಳನ್ನು ಕಿತ್ತು, ಬೋರ್ಡಿನ ಮೇಲೆ ಹಳೇ ಸೀರೆಯ ತುಂಡು ಹೊದಿಸುತ್ತಿದ್ದರು. ಆಮೇಲೆ ಹಿಂದುಗಡೆಯ ಫ್ರೇಮಿನ ಹತ್ತಿರ ಹೋಗುತ್ತಿದ್ದರು. ಫ್ರೇಮು ಎಂದರೆ ಊರಿನ ಎಲ್ಲ ತಂತಿಗಳೂ ಹೊರಗಿನಿಂದ ಬಂದು ಸೇರುವ ಕಬ್ಬಿಣದ ಚೌಕಟ್ಟು, ಗೋಡೆಗೆ ಅರ್ಧ ಮೊಳವೂ ಬಿಡದೆ ನಿಂತಿತ್ತು. ಅದರ ಸಂದಿಯಲ್ಲಿ ಬಗ್ಗಿ ಒಂದು ಕ್ಷಣ ನಿಂತು, ಕೊಡೆ ತೆಗೆದುಕೊಂಡು ಹೊರಡುತ್ತಿದ್ದರು. ಆ ಗೋಡೆಯ ಮೇಲೆ ವರದಹಳ್ಳಿಯಿಂದ ತಂದ ಗುರುಗಳ ಪಟ ಒಂದಿತ್ತು. ಪಾಪ, ಕೈಮುಗಿದು ಹೋಗುತ್ತಾರೆ ಎಂದು ನಾನು ಎಷ್ಟೋ ವರ್ಷ ಅಂದುಕೊಂಡಿದ್ದೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಾಗ ಹೊಸನಗರಕ್ಕೆ ಆಟೋಮ್ಯಾಟಿಕ್ ಎಕ್ಸ್‌ಚೇಂಜು ಮಂಜೂರಾಯಿತು. ಕಪಾಟಿನಷ್ಟು ಎತ್ತರದ ಯಂತ್ರ. ಅದು ಬಂದರೆ ಎಳೆ ಚುಚ್ಚುವವರು ಬೇಡ, ಮನೆಯಲ್ಲೇ ಡಯಲ್ ತಿರುಗಿಸಿದರೆ ಊರೊಳಗೆ ಎಲ್ಲಿಗೆ ಬೇಕಾದರೂ ಫೋನು ಹೋಗುತ್ತದೆ, ಹಗಲೂ ಹೋಗುತ್ತದೆ ರಾತ್ರಿಯೂ ಹೋಗುತ್ತದೆ. ಅದನ್ನು ಕೂರಿಸುವ ಕೆಲಸಕ್ಕೆ ನನ್ನನ್ನು ಹಾಕಿದರು. ಮೇಲ್ವಿಚಾರಣೆಗೆ ಶಿವಮೊಗ್ಗದಿಂದ ಒಬ್ಬ ಸಾಹೇಬರು ಬಂದರು, ನಿಯಮದ ಪುಸ್ತಕವನ್ನು ಬಾಯಿಪಾಠ ಮಾಡಿದವರು. ಅವರ ಮೊದಲ ಆಜ್ಞೆಯೇ ಯಂತ್ರದ ಕೋಣೆಗೆ ಸಂಬಂಧವಿಲ್ಲದವರು ಬರಬಾರದು ಎಂದು. ಹಳೇ ಬೋರ್ಡು ಹೋದಮೇಲೆ ಅಕ್ಕ ಸಂಬಂಧವಿಲ್ಲದವರ ಪಟ್ಟಿಗೆ ಸೇರಿದರು. ಪರವೂರಿಗೆ ಟ್ರಂಕ್ ಕಾಲ್ ಜೋಡಿಸುವ ಒಂದು ಸಣ್ಣ ಮೇಜನ್ನು ವರಾಂಡದಲ್ಲಿ ಹಾಕಿ ಅವರನ್ನು ಅಲ್ಲಿ ಕೂರಿಸಿದರು.

ಊರಿನವರಿಗೆ ಅಕ್ಕನ ಮೇಲೆ ಕನಿಕರ. ಇಷ್ಟು ವರ್ಷ ದುಡಿದವರ ಬೋರ್ಡು ಕಿತ್ತುಕೊಂಡರು, ಅವರ ಹೊಟ್ಟೆ ಉರಿಯದೇ ಇರುತ್ತದೆಯೇ ಎಂದು ಮಾತಾಡಿಕೊಂಡರು. ನಾನೂ ಹಾಗೇ ತಿಳಿದು, ಸಮಾಧಾನ ಹೇಳಲು ಹೋದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ರಾತ್ರಿ ನಿದ್ದೆ ಮಾಡದ ಯಂತ್ರ ಬರುತ್ತದೆ ಎಂದು ತಾವು ಎಷ್ಟು ವರ್ಷದಿಂದ ಕಾದಿದ್ದರೆಂದು ನನಗೇನು ಗೊತ್ತು ಎಂದರು. ಅಷ್ಟೊಂದು ಯಾಕೆ ಕಾದರು ಎಂದು ಕೇಳುವ ಬುದ್ಧಿ ನನಗಾಗ ಬರಲಿಲ್ಲ.

ಒಂದು ಸೋಮವಾರ ರಾತ್ರಿ ಎಂಟಕ್ಕೆ ಹಳೇ ಬೋರ್ಡಿನ ಕಡೆಯ ಕಾಲ್ ಮುಗಿಯಿತು. ಅಕ್ಕ ಎಂದಿನಂತೆ ಎಳೆ ಕಿತ್ತರು, ಸೀರೆ ತುಂಡು ಹೊದಿಸಿದರು, ಫ್ರೇಮಿನ ಹಿಂದೆ ಬಗ್ಗಿದರು, ಕೊಡೆ ಹಿಡಿದು ಹೊರಟರು. ಮಂಗಳವಾರ ಬೆಳಗ್ಗೆ ಏಳಕ್ಕೇ ನಾವು ಬೋರ್ಡು ಬಿಚ್ಚಿ, ಫ್ರೇಮಿನ ತಂತಿಗಳನ್ನೆಲ್ಲ ಹೊಸ ಯಂತ್ರಕ್ಕೆ ತಿರುಗಿಸಿದೆವು. ತೆಂಗಿನಕಾಯಿ ಒಡೆದು ಸಾಹೇಬರೇ ಸ್ವಿಚ್ ಹಾಕಿದರು.

ಯಂತ್ರ ಏಳುವ ಕ್ರಮ ಹೀಗೆ. ಮೊದಲು ಒಂದನೇ ನಂಬರಿನಿಂದ ತೊಂಬತ್ತರವರೆಗೆ ಪ್ರತಿ ಮನೆಯ ತಂತಿಗೂ ಒಂದು ಸಣ್ಣ ಕರೆಂಟು ಕಳಿಸಿ ಪರೀಕ್ಷೆ ಮಾಡುತ್ತದೆ. ನೋಡುತ್ತಿರುವ ನಂಬರನ್ನು ಪಕ್ಕದ ಕಾಗದದ ಸುರುಳಿಯಲ್ಲಿ ಮುದ್ರಿಸುತ್ತಾ ಹೋಗುತ್ತದೆ. ಎಲ್ಲವೂ ಸರಿಯಿದ್ದರೆ ಹಸಿರು ದೀಪ ಹತ್ತಿಸಿ ಕೆಲಸಕ್ಕೆ ಕೂರುತ್ತದೆ. ಏನಾದರೂ ಅಪಾಯ ಕಂಡರೆ ಎಲ್ಲ ಬಾಗಿಲು ಹಾಕಿಕೊಂಡು ಮಲಗಿಬಿಡುತ್ತದೆ. ಅವತ್ತು ಕಾಗದ ಟಿಕಟಿಕ ಎಂದು ಹೊರಬಂತು. ಇಪ್ಪತ್ತೊಂದರವರೆಗೆ ಬಂತು. ದೀಪಗಳೆಲ್ಲ ಆರಿದವು.

ಮತ್ತೆ ಹಾಕಿದೆವು, ಮತ್ತೆ ಇಪ್ಪತ್ತೊಂದಕ್ಕೆ ಮಲಗಿತು. ಒಂದೊಂದು ನಂಬರಿಗೂ ಒಂದು ಫ್ಯೂಸು ಇತ್ತು, ಅದನ್ನು ಕಿತ್ತರೆ ಆ ಮನೆಯ ತಂತಿ ಯಂತ್ರಕ್ಕೆ ತಾಗುವುದಿಲ್ಲ. ಇಪ್ಪತ್ತೊಂದನ್ನು ಕಿತ್ತೆ. ಯಂತ್ರ ಆ ನಂಬರನ್ನು ದಾಟಿ ಮುಂದೆ ಹೋಯಿತು, ನಾನು ಮೀಸೆ ತಿರುವಿಕೊಂಡೆ. ಐವತ್ತೆರಡಕ್ಕೆ ಹೋಗಿ ಮಲಗಿತು. ಇಪ್ಪತ್ತೊಂದನ್ನು ವಾಪಸು ಹಾಕಿ ಐವತ್ತೆರಡನ್ನು ಕಿತ್ತೆ, ಮತ್ತೆ ಇಪ್ಪತ್ತೊಂದಕ್ಕೇ ಮಲಗಿತು. ಒಂದನ್ನು ತೆಗೆ, ನೋಡು, ವಾಪಸು ಹಾಕು, ಇನ್ನೊಂದನ್ನು ತೆಗೆ ಎಂದು ನಮಗೆ ಟ್ರೇನಿಂಗಿನಲ್ಲಿ ಕಲಿಸಿದ್ದರು. ಅದನ್ನೇ ಶ್ರದ್ಧೆಯಿಂದ ಮಾಡುತ್ತಾ ಮಂಗಳವಾರ ಕಳೆಯಿತು.

ಬುಧವಾರ ಕರೆಂಟಿನ ಮೇಲೆ ಅನುಮಾನ. ಜೋಗದಲ್ಲಿ ಹುಟ್ಟುವ ಕರೆಂಟು ಇಷ್ಟು ಹತ್ತಿರದ ಹೊಸನಗರಕ್ಕೆ ಬರುವಷ್ಟರಲ್ಲೇ ಸೊರಗಿರುತ್ತದೆ ಎಂದು ಬ್ಯಾಟರಿಗಳನ್ನು ಬಿಚ್ಚಿ ಬದಲಿಸಿದೆವು. ಆಮೇಲೆ ನೆಲದ ಮೇಲೆ ಅನುಮಾನ. ಹಿತ್ತಲಲ್ಲಿ ಆಳು ಮಟ್ಟ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿ ಹೊಸ ಅರ್ಥಿಂಗ್ ಮಾಡಿದೆವು. ಗುರುವಾರ ತೇವದ ಮೇಲೆ ಅನುಮಾನ ಬಂದು ಯಂತ್ರದ ಸುತ್ತ ದೊಡ್ಡ ಬಲ್ಬುಗಳನ್ನು ಉರಿಸಿ ಬೆವರಿದೆವು. ಪ್ರತಿ ತಂತಿಯನ್ನೂ ಒಂದೊಂದಾಗಿ ಮೀಟರಿಗೆ ಹಚ್ಚಿ ನೋಡಿದೆ. ಬಿಡಿಬಿಡಿಯಾಗಿ ತೊಂಬತ್ತೂ ಸಂಭಾವಿತರೇ. ಇಬ್ಬಿಬ್ಬರನ್ನು ಒಟ್ಟಿಗೆ ನಿಲ್ಲಿಸಿ ನೋಡಬೇಕೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಅಷ್ಟರಲ್ಲಿ ಊರಿಗೆ ಊರೇ ಮೂಕವಾಗಿತ್ತು. ಮನೆಮನೆಯಲ್ಲೂ ಹೊಸ ಡಯಲ್ ಫೋನು ಮೇಜಿನ ಮೇಲೆ ಕೂತಿದೆ, ಉಸಿರಿಲ್ಲ. ಗುರುವಾರ ಸಂಜೆ ಸಾಹೇಬರು ತೀರ್ಮಾನ ಹೇಳಿದರು. ಇನ್ನೊಂದು ತಾಲ್ಲೂಕಿನಲ್ಲಿ ಕಟ್ಟಡ ಸಿದ್ಧವಾಗಿ ಇಂಥದೇ ಯಂತ್ರಕ್ಕೆ ಕಾಯುತ್ತಿದ್ದಾರೆ, ಶನಿವಾರ ಬೆಳಗ್ಗೆ ಲಾರಿ ಬರುತ್ತದೆ, ಅಷ್ಟರೊಳಗೆ ಇದು ಏಳದಿದ್ದರೆ ಬಿಚ್ಚಿ ಕಳಿಸುವುದು, ಇಲ್ಲಿಗೆ ಹಳೇ ಬೋರ್ಡೇ ಗತಿ. ಮತ್ತೆ ನಮ್ಮ ಸರದಿ ಬರಲು ಎಷ್ಟು ವರ್ಷವೋ ಯಾರಿಗೂ ಗೊತ್ತಿರಲಿಲ್ಲ. ಹೊರಡುವಾಗ ಅವರು ನನ್ನನ್ನು ಪಕ್ಕಕ್ಕೆ ಕರೆದು, ಆ ಆಪರೇಟರಮ್ಮ ಏನಾದರೂ ಕೈಯಾಡಿಸಿರಬಹುದೇ ಎಂದು ಕೇಳಿದರು. ಛೆ, ಇಲ್ಲ ಎಂದೆ. ಊರಿನಲ್ಲೂ ಅಕ್ಕನ ಕಣ್ಣು ಬಿದ್ದಿದೆ ಎಂದು ಪಿಸುಪಿಸು ಎದ್ದಿತ್ತು. ಅದು ಅಕ್ಕನ ಕಿವಿಗೂ ಬಿದ್ದಿತ್ತು, ಅವರ ಕಿವಿಗೆ ಬೀಳದ್ದು ಆ ಊರಿನಲ್ಲಿ ಏನಿತ್ತು.

ಆ ಮೂರು ದಿನವೂ ಸಂಜೆ ಅಕ್ಕ ವರಾಂಡದ ಮೇಜು ಬಿಟ್ಟು ನೇರ ಮನೆಗೆ ಹೋಗುತ್ತಿರಲಿಲ್ಲ. ಮೊದಲು ಆಸ್ಪತ್ರೆಗೆ, ಅಲ್ಲಿಂದ ಡಾಕ್ಟರ ಮನೆಗೆ, ಅಲ್ಲಿಂದ ಊರಾಚೆ ಇದ್ದ ಆಸ್ಪತ್ರೆ ಜೀಪಿನ ಡ್ರೈವರ್ ಮನೆಗೆ. ಆ ಡ್ರೈವರಿಗೆ ಜೀಪನ್ನು ಆಸ್ಪತ್ರೆಯ ಅಂಗಳದಲ್ಲೇ ನಿಲ್ಲಿಸಿ ಅಲ್ಲೇ ಮಲಗು ಎಂದು ತಾಕೀತು ಮಾಡಿ ಬರುತ್ತಿದ್ದರು. ಇವರಿಗ್ಯಾಕಪ್ಪ ಈ ಉಸಾಬರಿ ಎಂದು ನಾನು ಮನಸ್ಸಿನಲ್ಲೇ ನಕ್ಕಿದ್ದೆ.

ಶುಕ್ರವಾರ ಮಧ್ಯಾಹ್ನ ಊಟ ಸೇರದೆ ನಾನು ಕಾಗದದ ಸುರುಳಿಗಳನ್ನು ಮಡಿಲಲ್ಲಿ ಹಾಕಿಕೊಂಡು ವರಾಂಡದ ಬೆಂಚಿನಲ್ಲಿ ಕೂತಿದ್ದೆ. ಪಕ್ಕದ ಮೇಜಿನಲ್ಲಿ ಅಕ್ಕ ಅವಲಕ್ಕಿ ತಿನ್ನುತ್ತಿದ್ದರು. ನನ್ನ ಮುಖ ನೋಡಿ, ಅದು ಸಾಯುವ ಮುಂಚೆ ಎಂತಾದರೂ ಹೇಳಿ ಸಾಯುತ್ತದಾ ಎಂದು ಕೇಳಿದರು. ಮೂರು ದಿನದಲ್ಲಿ ಅವರನ್ನು ಯಾರೂ ಏನನ್ನೂ ಕೇಳಿರಲಿಲ್ಲ, ಅವರಿಗೆ ಯಾರೂ ಏನನ್ನೂ ಹೇಳಿಯೂ ಇರಲಿಲ್ಲ. ನಾನು ಬೇಸರದಲ್ಲಿ, ಇಪ್ಪತ್ತೊಂದು ಎನ್ನುತ್ತದೆ, ಅದನ್ನು ತೆಗೆದರೆ ಐವತ್ತೆರಡು ಎನ್ನುತ್ತದೆ ಎಂದೆ.

ಅವಲಕ್ಕಿಯ ಕೈ ಅಲ್ಲೇ ನಿಂತಿತು. "ಅರವತ್ತೇಳು?" ಎಂದರು.

ಅರವತ್ತೇಳರವರೆಗೆ ಅದು ಹೋಗಿಯೇ ಇಲ್ಲವಲ್ಲ ಎಂದೆ.

"ಇಪ್ಪತ್ತೊಂದು, ಐವತ್ತೆರಡು ಎರಡೂ ತೆಗೀರಿ. ಒಂದು ತೆಗ್ದು ಒಂದು ಇಡದಲ್ಲ, ಎರಡೂ. ಎದ್ದು ಕೂರ್ತದೆ ನೋಡಿ" ಎಂದು ಅವರು ಎದ್ದು ಕೈ ತೊಳೆಯಲು ಹೋದರು.

ನಾನು ಒಳಗೆ ಹೋಗಿ ಎರಡೂ ಫ್ಯೂಸು ಕಿತ್ತು ಸ್ವಿಚ್ ಹಾಕಿದೆ. ಕಾಗದ ಬಂತು, ಅರವತ್ತೇಳು ದಾಟಿತು, ತೊಂಬತ್ತಕ್ಕೆ ಹೋಯಿತು. ಹಸಿರು ದೀಪ ಹತ್ತಿತು. ನಾಲ್ಕು ದಿನದಲ್ಲಿ ಅದು ಹತ್ತಿದ್ದು ಅದೇ ಮೊದಲು. ಹೊರಗೆ ಓಡಿಬಂದರೆ ಅಕ್ಕ ಸೆರಗಿಗೆ ಕೈ ಒರೆಸುತ್ತಾ ನಿಂತಿದ್ದರು, ಮುಖದ ಬಣ್ಣ ಹೋಗಿತ್ತು. ಯಾರದು ಆ ಮೂರು ನಂಬರು ಎಂದೆ. ಇಪ್ಪತ್ತೊಂದು ಆಸ್ಪತ್ರೆ, ಐವತ್ತೆರಡು ಡಾಕ್ಟರ ಮನೆ, ಅರವತ್ತೇಳು ಜೀಪಿನವರ ಮನೆ ಎಂದು ಹೇಳಿ, ಮತ್ತೆ ಅವಲಕ್ಕಿಯ ಮುಂದೆ ಕೂತರು. ತಿನ್ನಲಿಲ್ಲ. ಆಮೇಲೆ ಮೆಲ್ಲಗೆ ಎಲ್ಲ ಹೇಳಿದರು.

ಹನ್ನೆರಡು ವರ್ಷದ ಹಿಂದೆ, ಅಂದರೆ ಎಪ್ಪತ್ತರ ದಶಕದ ಒಂದು ಆಷಾಢದಲ್ಲಿ, ಎಂಟು ಗಂಟೆ ದಾಟಿದ ಮೇಲೆ ಒಬ್ಬ ಹೆಂಗಸನ್ನು ಹೆರಿಗೆಗೆ ತಂದಿದ್ದರು. ಆಸ್ಪತ್ರೆಯವರು ಫೋನಿನ ಹ್ಯಾಂಡಲ್ ತಿರುಗಿಸಿದರು. ಎಕ್ಸ್‌ಚೇಂಜಿನಲ್ಲಿ ಬಿಲ್ಲೆ ಬಿತ್ತು, ನೋಡಲು ಯಾರೂ ಇರಲಿಲ್ಲ. ಕಂಪೌಂಡರು ಮಳೆಯಲ್ಲಿ ಒಂದು ದಿಕ್ಕಿಗೆ ಡಾಕ್ಟರನ್ನು ಕರೆಯಲು, ಇನ್ನೊಂದು ದಿಕ್ಕಿಗೆ ಜೀಪಿನವರನ್ನು ಕರೆಯಲು ಓಡಿದರು. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಬೆಳಗ್ಗೆ ಅಕ್ಕ ಬಂದಾಗ ಇಪ್ಪತ್ತೊಂದರ ಬಿಲ್ಲೆ ಬಿದ್ದೇ ಇತ್ತು. ರಾತ್ರಿಗೂ ಒಬ್ಬ ಆಪರೇಟರನ್ನು ಕೊಡಿ ಎಂದು ಅವರು ಮೇಲಿನ ಆಫೀಸಿಗೆ ಮೂರು ಸಲ ಬರೆದರು. ಉತ್ತರ ಬರಲಿಲ್ಲ. ಆಗ ಅಲ್ಲಿದ್ದ ಹಳೇ ಲೈನ್‌ಮನ್ ಹತ್ತಿರ ಹೇಳಿ, ಫ್ರೇಮಿನ ಹಿಂದೆ ಒಂದು ತಂತಿಯ ಕೊಕ್ಕೆ ಮಾಡಿಸಿದರು. ರಾತ್ರಿ ಎಂಟಕ್ಕೆ ಹೋಗುವಾಗ ಕೊಕ್ಕೆ ಸಿಕ್ಕಿಸಿದರೆ ಮೂರು ಲೈನುಗಳೂ ಒಂದಾಗುತ್ತವೆ. ಆಸ್ಪತ್ರೆಯಲ್ಲಿ ಹ್ಯಾಂಡಲ್ ತಿರುಗಿಸಿದರೆ ಉಳಿದೆರಡು ಮನೆಯಲ್ಲೂ ಗಂಟೆ ಬಾರಿಸುತ್ತದೆ. ಉದ್ದಕ್ಕೆ ಒಂದು ಸಲ ತಿರುಗಿಸಿದರೆ ಡಾಕ್ಟರು, ಎರಡು ಸಲವಾದರೆ ಜೀಪೂ ಬೇಕು. ಬೆಳಗ್ಗೆ ಬಂದು ಕೊಕ್ಕೆ ಬಿಚ್ಚಿದರೆ ಮೂರೂ ಬೇರೆ ಬೇರೆ. ಹನ್ನೆರಡು ವರ್ಷ ದಿನಾ ಹಾಕಿದರು, ದಿನಾ ಬಿಚ್ಚಿದರು. ರಜೆ ಹಾಕಿದ ದಿನವೂ ಬೆಳಗ್ಗೆ ಸಂಜೆ ಕೊಡೆ ಹಿಡಿದು ಬಂದು ಹೋಗುತ್ತಿದ್ದರಂತೆ. ಲೈನ್‌ಮನ್ ನಿವೃತ್ತಿಯಾಗಿ ಊರು ಬಿಟ್ಟ ಮೇಲೆ ಇಲಾಖೆಯಲ್ಲಿ ಇದು ಗೊತ್ತಿದ್ದವರು ಅವರೊಬ್ಬರೇ.

ನಾನು ಕೈಮುಗಿಯುತ್ತಾರೆ ಅಂದುಕೊಂಡದ್ದು ಇದನ್ನು. ಆ ಸೋಮವಾರ ರಾತ್ರಿಯೂ ಅಕ್ಕನ ಕೈ ತನ್ನಷ್ಟಕ್ಕೆ ಕೊಕ್ಕೆ ಹಾಕಿತ್ತು. ಬೆಳಗ್ಗೆ ಎಂಟಕ್ಕೆ ಬಿಚ್ಚಲು ಬಂದರೆ ನಾವು ಏಳಕ್ಕೇ ಬೋರ್ಡು ಬಿಚ್ಚಿ ಕೋಣೆಗೆ ನಿಷೇಧ ಹಾಕಿದ್ದೆವು. ಹೊಸಬರು ಫ್ರೇಮಿನ ತಂತಿಗಳನ್ನೆಲ್ಲ ಹೊಸದಾಗಿ ಕಟ್ಟಿರುತ್ತಾರೆ, ತಮ್ಮ ಕೊಕ್ಕೆ ಎಂದೋ ಕಸಕ್ಕೆ ಹೋಗಿರುತ್ತದೆ ಎಂದು ಅವರು ತಿಳಿದಿದ್ದರು. ನಾವೋ, ಮುಂದುಗಡೆ ಮಾತ್ರ ಮುಟ್ಟಿದ್ದೆವು. ಯಂತ್ರ ಇಪ್ಪತ್ತೊಂದಕ್ಕೆ ಕಳಿಸಿದ ಕರೆಂಟು ಐವತ್ತೆರಡರ ತಂತಿಯಿಂದ ಅದಕ್ಕೇ ವಾಪಸು ಬರುತ್ತಿತ್ತು, ಅದು ಹೆದರಿ ಬಾಗಿಲು ಹಾಕಿಕೊಳ್ಳುತ್ತಿತ್ತು. ಯಂತ್ರದ್ದೇನೂ ತಪ್ಪಿರಲಿಲ್ಲ.

ನಾನೇ ಒಳಗೆ ಹೋಗಿ ಸದ್ದಿಲ್ಲದೆ ಕೊಕ್ಕೆ ತೆಗೆದುಬಿಡುತ್ತೇನೆ, ಯಾರಿಗೂ ಹೇಳಬೇಡಿ ಎಂದೆ. ಅವರ ನಿವೃತ್ತಿಗೆ ಉಳಿದದ್ದು ಮೂರೇ ವರ್ಷ. ಅನುಮತಿಯಿಲ್ಲದೆ ಸರ್ಕಾರಿ ಲೈನು ಜೋಡಿಸಿದ್ದಕ್ಕೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಅದರಲ್ಲೂ ಆ ವಾರ, ಅವರ ಮೇಲೇ ಅನುಮಾನ ಇದ್ದಾಗ. ಅಕ್ಕ ಯೋಚನೆ ಮಾಡಿದ್ದು ಅವಲಕ್ಕಿಯ ಡಬ್ಬಿ ಮುಚ್ಚುವಷ್ಟು ಹೊತ್ತು ಮಾತ್ರ. ಕದ್ದು ಹಾಕಿದ್ದಲ್ಲ, ಕದ್ದು ತೆಗೆಯುವುದೂ ಇಲ್ಲ ಎಂದು ಹೇಳಿ, ಚಪ್ಪಲಿ ಬಿಟ್ಟು, ನಿಷೇಧದ ಕೋಣೆ ದಾಟಿ ಸಾಹೇಬರ ಮೇಜಿನ ಮುಂದೆ ಹೋಗಿ ನಿಂತರು.

"ಸರ್, ಫ್ರೇಮಿನ ಹಿಂದೆ ಮೂರು ಲೈನು ಒಟ್ಟಿಗೆ ಕಟ್ಟಿದ್ದು ನಾನು. ಸೋಮವಾರ ಎಂಟಕ್ಕೆ ಹಾಕಿದ್ದು. ಬೆಳಿಗ್ಗೆ ತೆಗೀಬೇಕಿತ್ತು, ನೀವು ಒಳಗೆ ಬಿಡ್ಲಿಲ್ಲ."

ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಎಷ್ಟು ದಿನದಿಂದ ಇದು ನಡೀತಿದೆ ಎಂದರು. ಹನ್ನೆರಡು ವರ್ಷ ಎಂದರು ಅಕ್ಕ. ಯಾರ ಪರ್ಮಿಷನ್ ತಗೊಂಡಿದ್ದೀರಿ ಎಂದು ಕೇಳಿದಾಗ, "ಮೂರು ಸಲ ಬರ್ದು ಕೇಳಿದ್ದೆ ಸರ್. ಬೇಡ ಅಂತ ಯಾರೂ ಬರೀಲಿಲ್ಲ" ಎಂದರು. ನಾನು ನೆಲ ನೋಡುತ್ತಾ ನಿಂತಿದ್ದೆ. ಸಾಹೇಬರ ಎದುರಿಗೆ ನಾಳೆಯ ಲಾರಿಯ ಕಾಗದ ಸಹಿಗಾಗಿ ಬಿದ್ದಿತ್ತು. ಅದನ್ನು ಪಕ್ಕಕ್ಕೆ ಸರಿಸಿ, ಮೊದಲು ಆ ತಂತಿ ತೆಗೀರಿ, ಉಳಿದದ್ದು ಆಮೇಲೆ ಎಂದರು.

ಅಕ್ಕ ಫ್ರೇಮಿನ ಸಂದಿಯಲ್ಲಿ ಬಗ್ಗಿದರು. ನಾನು ಟಾರ್ಚು ಹಿಡಿಯಲು ಹೋದರೆ ಬೇಡ ಎಂದು ಕೈಯಲ್ಲೇ ತಳ್ಳಿದರು. ನೋಡಬೇಕಾಗಿಯೇ ಇರಲಿಲ್ಲ, ಕೈ ನೇರವಾಗಿ ಅಲ್ಲಿಗೇ ಹೋಯಿತು. ಗೇಣುದ್ದದ ತಂತಿ, ಬಟ್ಟೆ ಸುತ್ತಿದ್ದು, ತುದಿಗಳು ಉಜ್ಜಿ ಉಜ್ಜಿ ಹೊಳೆಯುತ್ತಿದ್ದವು. ಅದನ್ನು ಸಾಹೇಬರ ಮೇಜಿನ ಮೇಲೆ ಇಟ್ಟರು. ನಾನು ಎಲ್ಲ ಫ್ಯೂಸುಗಳನ್ನೂ ಹಾಕಿ, ಸ್ವಿಚ್ ಒತ್ತಿದೆ.

ಕಾಗದ ಹೊರಬಂತು. ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು. ಇಪ್ಪತ್ತೆರಡು. ಐವತ್ತೆರಡು ಬಂತು, ಐವತ್ತಮೂರೂ ಬಂತು. ಅರವತ್ತೇಳು ಬಂದಾಗ ಅಕ್ಕ ಜೋರಾಗಿ ಎಣಿಸಲು ಶುರುಮಾಡಿದರು, ಅರವತ್ತೆಂಟು, ಅರವತ್ತೊಂಬತ್ತು ಎಂದು. ಎಪ್ಪತ್ತರ ಹೊತ್ತಿಗೆ ನಾನೂ ಸೇರಿದೆ. ಎಂಬತ್ತರ ಹೊತ್ತಿಗೆ ನಿಯಮದ ಪುಸ್ತಕವನ್ನು ಬಾಯಿಪಾಠ ಮಾಡಿದ ಸಾಹೇಬರೂ ಎಣಿಸುತ್ತಿದ್ದರು. ತೊಂಬತ್ತಾಯಿತು, ಹಸಿರು ದೀಪ ಹತ್ತಿತು, ಮೇಜಿನ ಮೇಲಿದ್ದ ಫೋನು ಎತ್ತಿದರೆ ಕಿವಿಗೆ ಗುಂಯ್ ಎಂದು ದುಂಬಿಯ ಸದ್ದು. ಎರಡು ನಿಮಿಷದಲ್ಲಿ ಯಂತ್ರದೊಳಗೆ ಟಕಟಕ ಶುರುವಾಯಿತು. ಊರಿನಲ್ಲಿ ಯಾರೋ ಸುಮ್ಮನೆ ಫೋನು ಎತ್ತಿ ನೋಡಿ, ಜೀವ ಬಂದಿದೆ ಎಂದು ಇನ್ನೊಬ್ಬರಿಗೆ ತಿರುಗಿಸಿದ್ದರು. ಅವರು ಮತ್ತೊಬ್ಬರಿಗೆ. ಅರ್ಧ ಗಂಟೆಯಲ್ಲಿ ಆ ಕಪಾಟು ಮಳೆಗೆ ಹಂಚಿನ ಮಾಡು ಸದ್ದು ಮಾಡಿದಂತೆ ಸದ್ದು ಮಾಡುತ್ತಿತ್ತು. ನನ್ನ ಕಣ್ಣಲ್ಲಿ ನೀರು ಬಂತು, ಹೇಳಲು ನಾಚಿಕೆಯೇನಿಲ್ಲ.

ಲಾರಿ ಬೇಡ ಎಂದು ಶಿವಮೊಗ್ಗಕ್ಕೆ ತಿಳಿಸಬೇಕಿತ್ತು. ಪರವೂರಿನ ಕಾಲ್ ಇನ್ನೂ ವರಾಂಡದ ಮೇಜಿನಿಂದಲೇ ಹೋಗಬೇಕು. ಸಾಹೇಬರು ಅಲ್ಲಿಗೆ ಬಂದು ನಿಂತಾಗ ಅಕ್ಕ ತಲೆಯೆತ್ತಿ "ಹೇಳಿ" ಎಂದರು. ಅವರು ತಬ್ಬಿಬ್ಬಾಗಿ ನಂಬರು ಹೇಳಿದರು. ಆ ಕಾಲ್ ಜೋಡಿಸಿಕೊಟ್ಟವರು ಅಕ್ಕನೇ.

ಸಾಹೇಬರು ಹೊರಡುವಾಗ, ರಿಪೋರ್ಟನ್ನು ನೀವೇ ಬರೆದು ಕೊಡಿ ಎಂದು ನನಗೆ ಹೇಳಿದರು. ಏನು ಬರೆಯಬೇಕು ಎಂದು ಹೇಳಲಿಲ್ಲ. ನಾನು ಬರೆದೆ: ಮೂರು ಲೈನುಗಳು ಒಂದಕ್ಕೊಂದು ತಾಗಿಕೊಂಡಿದ್ದು, ಬಿಡಿಸಲಾಗಿ, ಎಕ್ಸ್‌ಚೇಂಜ್ ಕೆಲಸ ಮಾಡುತ್ತಿದೆ. ಅವರು ಒಂದು ಪ್ರಶ್ನೆಯನ್ನೂ ಕೇಳದೆ ಸಹಿ ಹಾಕಿ ಜೀಪು ಹತ್ತಿದರು. ಮೇಜಿನ ಮೇಲಿದ್ದ ಕೊಕ್ಕೆಯನ್ನು ಅಲ್ಲೇ ಬಿಟ್ಟು ಹೋಗಿದ್ದರು. ನಾನು ಗೆದ್ದವನ ಹಾಗೆ ರಿಪೋರ್ಟಿನ ಕಾರ್ಬನ್ ಪ್ರತಿಯನ್ನು ಅಕ್ಕನಿಗೆ ತೋರಿಸಿದೆ. ಓದಿದವರೇ ಕೆಂಡವಾದರು.

"ತಾವಾಗೇ ಹೋಗಿ ತಾಗಿಕೊಂಡ್ವಾ ಅವು? ನನ್ನ ಹೆಸ್ರು ಬೇಡ ಮಾರಾಯ್ರೆ. ಹನ್ನೆರಡು ವರ್ಷ ದಿನಾ ಸಂಜೆ ಒಬ್ಳು ಕಟ್ಟಿದ್ಲು, ಬೆಳಿಗ್ಗೆ ಬಿಚ್ಚಿದ್ಲು, ಅದು ಎಂತಕ್ಕೆ ಅಂತ ಒಂದು ಕಡೆ ಬರ್ದಿರ್ಬೇಕಿತ್ತು. ಮೂರು ಕಾಗದ ಬರ್ದೆ, ಉತ್ತರ ಇಲ್ಲ. ಈಗ ಮಾಡಿದ್ದೂ ಇಲ್ಲ ಅಂತಾಯ್ತು."

ಅವರು ಹೆದರಿದ್ದಾರೆ, ನಾನು ಕಾಪಾಡಿದ್ದೇನೆ ಎಂದು ತಿಳಿದಿದ್ದೆ. ಅವರಿಗೆ ಹೆದರಿಕೆ ಇರಲಿಲ್ಲ, ಹೆಮ್ಮೆ ಇತ್ತು. ಅದು ಇರಬೇಕಾದ್ದೇ.

ಮೊದಲ ದಿನವಾದ್ದರಿಂದ ನಾನು ಯಂತ್ರದ ಹತ್ತಿರ ಕೂತಿರಬೇಕಿತ್ತು. ಅಕ್ಕ ಮುನಿಸಿಕೊಂಡೇ, ಮನೆಗೆ ಹೋಗದೆ ಉಳಿದರು. ಇಬ್ಬರೂ ಆ ಟಕಟಕ ಕೇಳುತ್ತಾ ಕೂತೆವು. ಗಡಿಯಾರದಲ್ಲಿ ಎಂಟಾಯಿತು. ಅಕ್ಕ ಎದ್ದರು, ಫ್ರೇಮಿನ ಸಂದಿಯವರೆಗೆ ಹೋದರು, ಬಗ್ಗಿದರು. ಅಲ್ಲಿ ಏನೂ ಇಲ್ಲ ಎಂದು ನೆನಪಾಗಿ ಹಾಗೇ ನಿಂತರು. ನಾನು ನೋಡದವನಂತೆ ಬೇರೆ ಕಡೆ ತಿರುಗಿದೆ.

ಎಂಟೂಕಾಲರ ಹೊತ್ತಿಗೆ ಯಂತ್ರ ಒಮ್ಮೆ ಟಕ್ಕೆಂದಿತು. ಮೇಲಿನ ಸಾಲಿನಲ್ಲಿ ಇಪ್ಪತ್ತೊಂದರ ದೀಪ ಹತ್ತಿತು. ಮತ್ತೆ ಟಕಟಕ, ಐವತ್ತೆರಡರ ದೀಪ ಹತ್ತಿತು. ಆಸ್ಪತ್ರೆಯಿಂದ ಡಾಕ್ಟರ ಮನೆಗೆ. ಕೊಕ್ಕೆ ಮೇಜಿನ ಮೇಲಿತ್ತು, ಅಕ್ಕ ನನ್ನ ಪಕ್ಕದಲ್ಲಿದ್ದರು, ಯಾರೂ ಏನೂ ಜೋಡಿಸಿರಲಿಲ್ಲ. ನಾನು ಅಭ್ಯಾಸದಂತೆ ಪರೀಕ್ಷೆಯ ಫೋನನ್ನು ಆ ಲೈನಿಗೆ ಹಚ್ಚಿ ಕೇಳಲು ಕೈ ಚಾಚಿದೆ. ಅಕ್ಕ ಕೈ ಹಿಡಿದು ನಿಲ್ಲಿಸಿದರು.

"ಮಾತಾಡ್ಲಿ" ಎಂದರು.

ದೀಪ ಎರಡೂ ಆರುವವರೆಗೆ ನಿಂತು ನೋಡಿದರು. ಆಮೇಲೆ ಕೊಕ್ಕೆಯನ್ನು ಕೈಚೀಲಕ್ಕೆ ಹಾಕಿ, ಕೊಡೆ ತೆಗೆದುಕೊಂಡು, ಹನ್ನೆರಡು ವರ್ಷದಲ್ಲಿ ಮೊದಲ ಸಲ ಏನನ್ನೂ ಕಟ್ಟದೆ, ಆಸ್ಪತ್ರೆಯ ಕಡೆಗೂ ತಿರುಗದೆ, ನೇರ ಮನೆಗೆ ಹೋದರು. ನಾನು ಬಾಗಿಲಲ್ಲಿ ನಿಂತಿದ್ದೆ. ಒಳಗೆ ಯಂತ್ರ ಟಕಟಕ ಅನ್ನುತ್ತಲೇ ಇತ್ತು.